ಎಂಟು ಬ್ಲೈಂಡ್ ಉಳಿದವನ ಲೆಕ್ಕ

ಹಳೇ ಮೈಸೂರು ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು. ಮಧ್ಯಾಹ್ನ ಬಾಡೂಟ, ಸಂಜೆಗೆ ಇಸ್ಪೀಟು. ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ರಮ್ಮಿಯ ಜಾಗಕ್ಕೆ ಪೋಕರ್ ಬಂದು ಕೂತಿದೆ. ದುಡ್ಡು ಕಟ್ಟುವುದಿಲ್ಲ. ಒಂಬತ್ತು ಜನ ಕೂರುತ್ತೇವೆ, ಎಲ್ಲರಿಗೂ ಸಮನಾಗಿ ಚಿಪ್ಸ್. ಕೊನೆಗೆ ಉಳಿಯುವ ಮೂವರಿಗೆ ಪಾತ್ರೆ ತೊಳೆಯುವುದು ಮಾಫಿ. ಅದೆಷ್ಟು ದೊಡ್ಡ ಬಹುಮಾನ ಎಂಬುದು ಬಾಡೂಟದ ಪಾತ್ರೆ ಉಜ್ಜಿದವರಿಗಷ್ಟೇ ಗೊತ್ತು.

ಎರಡು ವರ್ಷದ ಹಿಂದಿನ ಮಾತು. ಐದು ಜನ ಉಳಿದಿದ್ದೆವು, ನನ್ನ ಮುಂದೆ ಎಂಟು ಬ್ಲೈಂಡ್ ಇತ್ತು. ಒಳ್ಳೇ ಎಲೆ ಬರಲಿ ಅಂತ ಕಾದೆ. ಎಕ್ಕ–ಏಳು ಬಂತು, ಎಸೆದೆ. ರಾಜ–ಗುಲಾಮ ಬಂತು, ಎಸೆದೆ. ಐದರ ಜೋಡಿಯನ್ನೂ ಕೈ ನಡುಗಿ ಎಸೆದೆ. ಮಧ್ಯೆ ಬ್ಲೈಂಡ್ ಒಂದು ಸಲ ಏರಿತು. ಕೊನೆಗೆ ಎಕ್ಕ–ರಾಣಿ ಬಂದಾಗ ಉಳಿದಿದ್ದು ಒಂದೂವರೆ ಬ್ಲೈಂಡ್. ಎಲ್ಲವನ್ನೂ ಮುಂದೆ ತಳ್ಳಿ "ಆಲ್-ಇನ್" ಅಂದೆ. ಬಿಗ್ ಬ್ಲೈಂಡ್‌ನಲ್ಲಿದ್ದ ನಮ್ಮ ಭಾವ ತಮ್ಮ ಎಲೆ ಎತ್ತಿಯೂ ನೋಡದೆ ಕಾಲ್ ಮಾಡಿದರು. ಅವರದ್ದು ಆರು–ಮೂರು, ಬಣ್ಣವೂ ಬೇರೆ ಬೇರೆ. ನೆಲದ ಮೇಲೆ ಆರು ಬಿತ್ತು.

"ಆರು–ಮೂರಕ್ಕೆಲ್ಲ ಯಾರಾದ್ರೂ ಕಾಲ್ ಮಾಡ್ತಾರಾ ಭಾವ?"

"ನೀನು ತಳ್ಳಿದ್ದು ಒಂದೂವರೆ ಬ್ಲೈಂಡು ಕಣಯ್ಯ. ಅದಕ್ಕೆ ಎಲೆ ಬೇರೆ ನೋಡ್ಬೇಕಾ?"

ಕೋಪ ಬಂದರೂ ಲೆಕ್ಕ ಅವರ ಕಡೆಗಿತ್ತು. ಅವರು ಇನ್ನು ಹಾಕಬೇಕಿದ್ದದ್ದು ಅರ್ಧ ಬ್ಲೈಂಡ್. ಗೆದ್ದರೆ ಸಿಗುತ್ತಿದ್ದದ್ದು ಬ್ಲೈಂಡ್‌ಗಳೂ ಆಂಟಿಯೂ ಸೇರಿ ನಾಲ್ಕು. ನೂರಕ್ಕೆ ಹನ್ನೊಂದು ಹನ್ನೆರಡು ಸಲ ಗೆದ್ದರೂ ಅವರಿಗೆ ನಷ್ಟವಿಲ್ಲ. ಆರು–ಮೂರು ಎಂಬ ದರಿದ್ರ ಕೈ ಕೂಡ ಎಕ್ಕ–ರಾಣಿಯ ಎದುರು ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ತಪ್ಪು ನಡೆದದ್ದು ಆ ಕೈಯಲ್ಲಿ ಅಲ್ಲ. ಎಕ್ಕ–ಏಳನ್ನು ಎಸೆದಾಗಲೇ ನಾನು ಪಾತ್ರೆ ತೊಳೆಯಲು ಎದ್ದು ಹೋಗಿದ್ದೆ, ದೇಹ ಮಾತ್ರ ಕುರ್ಚಿಯಲ್ಲಿತ್ತು.

ಟೆಕ್ಸಾಸ್ ಹೋಲ್ಡೆಮ್ ಆಡಲು ಬರುವ, ಟೂರ್ನಮೆಂಟ್‌ನ ಕೊನೆಯ ಟೇಬಲ್‌ವರೆಗೆ ಹೇಗೋ ತಲುಪುವ, ಅಲ್ಲಿ ಚಿಪ್ಸ್ ಕಡಿಮೆ ಇದ್ದಾಗ ಕೈ ಕಟ್ಟಿ ಕೂರುವ ನನ್ನಂಥವರಿಗೆ ಈ ಲೇಖನ. ಕೈಯಲ್ಲಿ ಎರಡು ಎಲೆ, ನೆಲದಲ್ಲಿ ಐದು ಎಂಬಷ್ಟು ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಚಿಪ್ಸ್ ಎಣಿಸಬೇಡಿ, ಸುತ್ತು ಎಣಿಸಿ

ನನ್ನ ಹತ್ತಿರ 40,000 ಚಿಪ್ಸ್ ಇದೆ ಅಂದರೆ ಏನೂ ಹೇಳಿದಂತಾಗಲಿಲ್ಲ. ಬಿಗ್ ಬ್ಲೈಂಡ್ 1,000 ಇದ್ದರೆ ಅದು 40 ಬ್ಲೈಂಡ್, ಆರಾಮಾಗಿ ಕಾಲು ಚಾಚಿ ಕೂರಬಹುದು. ಬ್ಲೈಂಡ್ 5,000 ಆಗಿದ್ದರೆ ಅದೇ ರಾಶಿ ಎಂಟು ಬ್ಲೈಂಡ್.

ಈಗಿನ ಟೂರ್ನಮೆಂಟ್‌ಗಳಲ್ಲಿ ಬಿಗ್ ಬ್ಲೈಂಡ್‌ನಲ್ಲಿ ಕೂತವರೇ ಇಡೀ ಟೇಬಲ್ಲಿನ ಪರವಾಗಿ ಒಂದು ಆಂಟಿಯನ್ನೂ ಕಟ್ಟುವುದು ರೂಢಿ. (ಈ ಪದ ಬಂದಾಗಲೆಲ್ಲ ನಮ್ಮ ಅತ್ತಿಗೆ ನಗುತ್ತಾರೆ.) ಅಂದರೆ ಎಲೆ ಹಂಚುವ ಮೊದಲೇ ನಡುವೆ ಎರಡೂವರೆ ಬ್ಲೈಂಡ್ ಬಿದ್ದಿರುತ್ತದೆ: ಸ್ಮಾಲ್ ಬ್ಲೈಂಡ್ ಅರ್ಧ, ಬಿಗ್ ಬ್ಲೈಂಡ್ ಒಂದು, ಆಂಟಿ ಒಂದು. ನೀವು ಒಂದೂ ಕೈ ಆಡದೆ ಕೂತರೂ ಒಂದು ಸುತ್ತಿಗೆ ಎರಡೂವರೆ ಬ್ಲೈಂಡ್ ಬಾಡಿಗೆ ಕಟ್ಟುತ್ತೀರಿ. ನಿಮ್ಮ ರಾಶಿಯನ್ನು ಈ ಬಾಡಿಗೆಯಿಂದ ಭಾಗಿಸಿದರೆ ಎಷ್ಟು ಸುತ್ತು ಬದುಕಿರಬಹುದು ಎಂದು ಸಿಗುತ್ತದೆ. ಎಂಟು ಬ್ಲೈಂಡ್ ಇದ್ದವನಿಗೆ ಮೂರು ಸುತ್ತು, ಅದಕ್ಕಿಂತ ಸ್ವಲ್ಪ ಹೆಚ್ಚು. ಬ್ಯಾಕ್‌ಗ್ಯಾಮನ್ ಆಟದಲ್ಲಿ ಹೆಸರು ಮಾಡಿದ್ದ ಪಾಲ್ ಮ್ಯಾಗ್ರಿಯಲ್ ಈ ಲೆಕ್ಕ ಹುಟ್ಟುಹಾಕಿದವರು, ಅವರ ಹೆಸರಿನ ಮೊದಲಕ್ಷರದಿಂದಲೇ ಇದನ್ನು 'ಎಂ' ಎನ್ನುತ್ತಾರೆ. 1995ರ ವಿಶ್ವ ಚಾಂಪಿಯನ್ ಡ್ಯಾನ್ ಹ್ಯಾರಿಂಗ್ಟನ್ ತಮ್ಮ ಪುಸ್ತಕಗಳಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಎಂ ಐದಕ್ಕಿಂತ ಕೆಳಗಿಳಿದರೆ ಅದು ಅವರ ಪ್ರಕಾರ ಕೆಂಪು ವಲಯ. ಅಲ್ಲಿ ಇರುವುದು ಎರಡೇ ದಾರಿ, ಎಲ್ಲ ತಳ್ಳುವುದು ಅಥವಾ ಎಸೆಯುವುದು.

ಕೊನೆಯ ಟೇಬಲ್ಲಿನಲ್ಲಿ ಇದಕ್ಕೊಂದು ತಿರುವು ಇದೆ, ಬಹಳ ಜನ ಮರೆಯುವುದು ಇದನ್ನೇ. ಒಂಬತ್ತು ಜನ ಇದ್ದಾಗ ಒಂದು ಸುತ್ತಿಗೆ ಒಂಬತ್ತು ಕೈ. ಜನ ಉದುರುತ್ತಾ ನಾಲ್ವರಾದಾಗ ನಾಲ್ಕೇ ಕೈಗೆ ಸುತ್ತು ಮುಗಿಯುತ್ತದೆ, ಬಾಡಿಗೆ ಮಾತ್ರ ಅಷ್ಟೇ. ಮೂರು ಸುತ್ತು ಇದೆ ಅಂದರೆ ಮೊದಲು ಇಪ್ಪತ್ತೇಳು ಕೈ ನೋಡಬಹುದಿತ್ತು, ಈಗ ಹನ್ನೆರಡು. ಕೈಯಲ್ಲಿ ಯಾವುದಾದರೂ ಜೋಡಿ ಬರುವುದೇ ಹದಿನೇಳು ಸಲಕ್ಕೊಮ್ಮೆ. ಕಾಯುತ್ತೇನೆ ಅನ್ನುವವರು ಏನಕ್ಕೆ ಕಾಯುತ್ತಿದ್ದಾರೆ ಎಂದು ಅವರೇ ಕೇಳಿಕೊಳ್ಳಬೇಕು.

ರಮ್ಮಿ ಆಡಿದವರಿಗೆ ಇದನ್ನು ಬೇರೆ ರೀತಿ ಹೇಳಬಹುದು. ನೂರಾ ಒಂದರ ಆಟದಲ್ಲಿ ಮೊದಲ ಡ್ರಾಪ್‌ಗೆ 20 ಪಾಯಿಂಟ್. 80ರವರೆಗೆ ಇದ್ದವನು ಕೆಟ್ಟ ಎಲೆ ಬಂದರೆ ಡ್ರಾಪ್ ಹೊಡೆದು ಉಸಿರಾಡಬಹುದು. 81 ಆಯಿತೋ, ಅವನು ಕಂಪಲ್ಸರಿ. ಎಂಥ ಕಸ ಬಂದರೂ ಆಡಲೇಬೇಕು, ಸುತ್ತ ಕೂತ ಎಲ್ಲರಿಗೂ ಅದು ಗೊತ್ತು. ಪೋಕರ್‌ನಲ್ಲಿ ಒಂದೂವರೆ ಬ್ಲೈಂಡ್‌ಗೆ ಇಳಿದವನು ಕಂಪಲ್ಸರಿ ಆದವನೇ. ಕಂಪಲ್ಸರಿ ಆಗುವ ಮೊದಲು ಏನು ಮಾಡಬೇಕು ಎಂಬುದೇ ಇಲ್ಲಿನ ವಿದ್ಯೆ.

ಹೆದರಿಕೆಗೂ ಬೆಲೆ ಇದೆ

ಎಂಟು ಬ್ಲೈಂಡ್ ಇರುವವನ ನಿಜವಾದ ಆಸ್ತಿ ಚಿಪ್ಸ್ ಅಲ್ಲ, ಅವನು ತಳ್ಳಿದಾಗ ಎದುರಿನವರು ಎಸೆದುಬಿಡಬಹುದು ಎಂಬ ಸಾಧ್ಯತೆ. ಒಂದು ಲೆಕ್ಕ ಬಿಡಿಸಿ ನೋಡೋಣ.

ನೀವು ಬಟನ್‌ನಲ್ಲಿದ್ದೀರಿ, ಮುಂದಿನವರೆಲ್ಲ ಎಸೆದಿದ್ದಾರೆ, ಬ್ಲೈಂಡ್‌ಗಳ ಇಬ್ಬರಷ್ಟೇ ಬಾಕಿ. ಎಂಟು ಬ್ಲೈಂಡ್ ತಳ್ಳುತ್ತೀರಿ. ನೂರಕ್ಕೆ 65 ಸಲ ಇಬ್ಬರೂ ಎಸೆಯುತ್ತಾರೆ ಎಂದುಕೊಳ್ಳಿ. ಆಗೆಲ್ಲ ಎರಡೂವರೆ ಬ್ಲೈಂಡ್ ಪುಕ್ಕಟೆ ಬಂತು, ನಿಮ್ಮ ರಾಶಿಯ ಮೂರನೇ ಒಂದು ಪಾಲಿನಷ್ಟು. ಉಳಿದ 35 ಸಲ ಬಿಗ್ ಬ್ಲೈಂಡ್‌ನವರು ಕಾಲ್ ಮಾಡುತ್ತಾರೆ, ಕಾಲ್ ಮಾಡಿದ್ದಾರೆ ಅಂದಮೇಲೆ ಅವರ ಎಲೆ ನಿಮ್ಮದಕ್ಕಿಂತ ಚೆನ್ನಾಗಿಯೇ ಇರುತ್ತದೆ. ನೀವು ಗೆಲ್ಲುವುದು ನೂರಕ್ಕೆ 38 ಅಂದುಕೊಳ್ಳಿ. ಗೆದ್ದಾಗ ಒಂಬತ್ತೂವರೆ ಬ್ಲೈಂಡ್ ಲಾಭ, ಸೋತಾಗ ಎಂಟು ನಷ್ಟ. ಎಲ್ಲ ಕೂಡಿಸಿ ಕಳೆದರೆ, ಸಿಕ್ಕಿಬಿದ್ದಾಗಲೆಲ್ಲ ಹಿಂದೆಯೇ ಇರುವ ಕೈಯಲ್ಲಿ ತಳ್ಳಿಯೂ, ಪ್ರತಿ ಸಲಕ್ಕೆ ಸರಾಸರಿ ಒಂದು ಬ್ಲೈಂಡ್‌ಗಿಂತ ಹೆಚ್ಚು ಲಾಭ.

ಈಗ ಅದೇ ಎಲೆ, ಅದೇ ಜಾಗ, ಆದರೆ ಕೈಯಲ್ಲಿ ಎರಡೇ ಬ್ಲೈಂಡ್. ಬಿಗ್ ಬ್ಲೈಂಡ್‌ನವರು ಇನ್ನೊಂದು ಬ್ಲೈಂಡ್ ಹಾಕಿದರೆ ನಾಲ್ಕೂವರೆ ಗೆಲ್ಲಬಹುದು. ಅವರು ಎಸೆಯುವುದೇ ಇಲ್ಲ. ಆ 65 ಸಲದ ಪುಕ್ಕಟೆ ಆದಾಯ ಸೊನ್ನೆ. ಎಲೆಯ ಬಲವೊಂದನ್ನೇ ನಂಬಿ ಕೂರಬೇಕು.

ಹಾಗಾಗಿ ಹತ್ತರಿಂದ ಆರು ಬ್ಲೈಂಡ್ ನಡುವಿನ ಅವಧಿಯನ್ನು ನಾನು ಹಾಲಿಗೆ ಹೋಲಿಸುತ್ತೇನೆ: ಕೆಡುವ ಮೊದಲು ಕಾಯಿಸಬೇಕು. ಐದಕ್ಕಿಳಿದಮೇಲೂ ಸ್ವಲ್ಪ ಹೆದರಿಕೆ ಉಳಿದಿರುತ್ತದೆ. ಮೂರಕ್ಕೆ ಬಂದರೆ ಬಿಗ್ ಬ್ಲೈಂಡ್‌ನವರ ಮುಖದಲ್ಲಿ ಯೋಚನೆಯ ಗೆರೆಯೇ ಕಾಣುವುದಿಲ್ಲ.

ಎಂಥ ಎಲೆಯಲ್ಲಿ ತಳ್ಳಬೇಕು? ಗಣಿತದವರು ಇದಕ್ಕೆ ಕೋಷ್ಟಕಗಳನ್ನೇ ಮಾಡಿಟ್ಟಿದ್ದಾರೆ. ಅವನ್ನು ಬಾಯಿಪಾಠ ಮಾಡದಿದ್ದರೂ ಚಿತ್ರವೊಂದು ತಲೆಯಲ್ಲಿರಲಿ. ಒಂಬತ್ತು ಜನರ ಟೇಬಲ್ಲಿನಲ್ಲಿ ಹತ್ತು ಬ್ಲೈಂಡ್ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಮಾತಾಡಬೇಕಾದವರು ಸುಮಾರು ಏಳು ಕೈಗೊಂದರಲ್ಲಿ ತಳ್ಳಬಹುದು. ಬಟನ್‌ಗೆ ಬರುವಷ್ಟರಲ್ಲಿ ಅದು ಮೂರಕ್ಕೊಂದು ದಾಟುತ್ತದೆ. ಸ್ಮಾಲ್ ಬ್ಲೈಂಡ್‌ನಲ್ಲಿ, ಎದುರಿಗೆ ಒಬ್ಬರೇ ಇದ್ದಾಗ, ಅರ್ಧಕ್ಕಿಂತ ಹೆಚ್ಚು ಕೈಗಳು ತಳ್ಳುವ ಕೈಗಳೇ. ಇವು ಬರೀ ಚಿಪ್ಸ್ ಲೆಕ್ಕದ ಅಂಕಿಗಳು. ಕೊನೆಯ ಟೇಬಲ್ಲಿನಲ್ಲಿ ಬಹುಮಾನದ ಲೆಕ್ಕ ಸೇರಿದಾಗ ತುಸು ಬಿಗಿಯಾಗುತ್ತವೆ. ಆದರೂ ಮೊದಲ ಸಲ ನೋಡಿದವರಿಗೆ ಗಾಬರಿಯಾಗುವಷ್ಟು ಧಾರಾಳ.

ಎಕ್ಕದ ಬಗ್ಗೆ ಒಂದು ಮಾತು. ಎಕ್ಕ–ನಾಲ್ಕು ಕಂಡರೆ ಜೀವ ಬಂದಂತಾಗುತ್ತದೆ. ಆದರೆ ಅದಕ್ಕೆ ಕಾಲ್ ಬಂದರೆ ಎದುರಿಗೆ ಬಹುಶಃ ದೊಡ್ಡ ಎಕ್ಕ ಇರುತ್ತದೆ. ಎಕ್ಕ–ರಾಜದ ಎದುರು ಎಕ್ಕ–ನಾಲ್ಕು ಗೆಲ್ಲುವುದು ನೂರಕ್ಕೆ ಮೂವತ್ತಕ್ಕೂ ಕಡಿಮೆ. ಅದೇ ಎಕ್ಕ–ರಾಜದ ಎದುರು ಒಂದೇ ಬಣ್ಣದ ಒಂಬತ್ತು–ಎಂಟು ಹತ್ತಿರ ಹತ್ತಿರ ನಲವತ್ತು ಸಲ ಗೆಲ್ಲುತ್ತದೆ. ಹಾಗಂತ ಎಕ್ಕ ಬೇಡ ಎಂದಲ್ಲ. ನಿಮ್ಮ ಕೈಯಲ್ಲಿ ಒಂದು ಎಕ್ಕ ಇದ್ದಾಗ ಎದುರಿನವರಿಗೆ ಎಕ್ಕದ ಜೋಡಿ ಬರುವ ದಾರಿಗಳು ಆರರಿಂದ ಮೂರಕ್ಕಿಳಿಯುತ್ತವೆ, ಎಕ್ಕ–ರಾಜದ ದಾರಿಗಳು ಹದಿನಾರರಿಂದ ಹನ್ನೆರಡಕ್ಕೆ. ಕಾಲ್ ಬರುವುದೇ ಕಡಿಮೆಯಾಗುತ್ತದೆ. ಎಕ್ಕ–ನಾಲ್ಕು ತಳ್ಳುವುದಕ್ಕೆ ಒಳ್ಳೆಯದು, ಇನ್ನೊಬ್ಬರು ತಳ್ಳಿದಾಗ ಕಾಲ್ ಮಾಡುವುದಕ್ಕೆ ಕೆಟ್ಟದ್ದು.

ಎಂಟು ಬ್ಲೈಂಡ್ ಇಟ್ಟುಕೊಂಡು ಎರಡು ಬ್ಲೈಂಡ್ ಏರಿಸಿ, ಎದುರಿನವರು ತಳ್ಳಿದರೆ ಎಸೆಯುವುದು ಮಾತ್ರ ಬೇಡ. ರಾಶಿಯ ಕಾಲು ಭಾಗ ದಾನ ಕೊಟ್ಟಂತೆ. ಕಂಪ್ಯೂಟರ್ ಸಾಲ್ವರ್‌ಗಳು ಕೆಲವು ಜಾಗಗಳಲ್ಲಿ ಸಣ್ಣ ಏರಿಕೆಯನ್ನೂ ಒಪ್ಪುತ್ತವೆ ನಿಜ. ಅದು ಮುಂದಿನ ಮೂರು ಹೆಜ್ಜೆಯ ಲೆಕ್ಕ ತಲೆಯಲ್ಲೇ ಮಾಡಬಲ್ಲವರ ಆಟ, ನಮ್ಮದಲ್ಲ. ಹದಿಮೂರು ಹದಿನೈದು ಬ್ಲೈಂಡ್ ಇದ್ದಾಗ ಮಾತ್ರ ಇನ್ನೊಂದು ಅಸ್ತ್ರವಿದೆ. ಹಿಂದಿನ ಜಾಗಗಳಿಂದ ಸಿಕ್ಕಿದ್ದಕ್ಕೆಲ್ಲ ಎರಡು ಚಿಲ್ಲರೆ ಬ್ಲೈಂಡ್ ಏರಿಸುತ್ತಾ ಬರುವ ಆಸಾಮಿ ಪ್ರತಿ ಟೇಬಲ್ಲಿನಲ್ಲೂ ಇರುತ್ತಾನೆ. ಅವನು ಏರಿಸಿದ ಮೇಲೆ ನೀವು ತಳ್ಳಿ. ಅವನು ಎಸೆದರೆ ನಡುವಿನ ನಾಲ್ಕೂವರೆಗಿಂತ ಹೆಚ್ಚು ಬ್ಲೈಂಡ್ ನಿಮ್ಮದು.

ತಳ್ಳುವ ಕೈ ಬೇರೆ, ಕಾಲ್ ಮಾಡುವ ಕೈ ಬೇರೆ

ತಳ್ಳುವವನಿಗೆ ಗೆಲ್ಲಲು ಎರಡು ದಾರಿ: ಎಲ್ಲರೂ ಎಸೆಯಬಹುದು, ಇಲ್ಲವೇ ಎಲೆ ತೆರೆದಾಗ ಗೆಲ್ಲಬಹುದು. ಕಾಲ್ ಮಾಡುವವನಿಗೆ ಎರಡನೆಯದು ಮಾತ್ರ. ಕೊನೆಯ ಟೇಬಲ್ಲಿನಲ್ಲಿ ಆ ಒಂದು ದಾರಿಯೂ ಇನ್ನಷ್ಟು ಕಿರಿದು. ಯಾಕೆಂದರೆ ಅಲ್ಲಿ ಚಿಪ್ಸ್ ಬೇರೆ, ದುಡ್ಡು ಬೇರೆ.

ಒಂದು ಲಕ್ಷ ರೂಪಾಯಿ ಬಹುಮಾನದ ಮೊತ್ತ. ಮೊದಲನೆಯವರಿಗೆ 50,000, ಎರಡನೆಯವರಿಗೆ 30,000, ಮೂರನೆಯವರಿಗೆ 20,000. ಮೂವರು ಉಳಿದಿದ್ದೀರಿ. ದೊಡ್ಡವರ ಹತ್ತಿರ ಒಟ್ಟು ಚಿಪ್ಸ್‌ನ ಶೇಕಡ 50, ನಡುವಿನವರ ಹತ್ತಿರ 30, ನಿಮ್ಮ ಹತ್ತಿರ 20. ನಿಮ್ಮ ಪಾಲಿನ ಬೆಲೆ ಎಷ್ಟು?

20,000 ಅಂತೀರಾ? ಅಲ್ಲ. ಈಗಲೇ ಎದ್ದು ಹೋದರೂ ಅಷ್ಟು ಸಿಗುತ್ತದೆ. ಪೋಕರ್ ಜಗತ್ತು ಇದಕ್ಕೆ ಬಳಸುವ ಸೂತ್ರಕ್ಕೆ ಐಸಿಎಂ ಎಂದು ಹೆಸರು, ಅದರ ಬೇರು ಇರುವುದು ಕುದುರೆ ರೇಸಿನಲ್ಲಿ. ಯಾವ ಕುದುರೆ ಗೆಲ್ಲುವ ಸಾಧ್ಯತೆ ಎಷ್ಟು ಎಂದು ಗೊತ್ತಿದ್ದರೆ ಎರಡನೇ, ಮೂರನೇ ಸ್ಥಾನಕ್ಕೆ ಯಾವುದು ಬಂದೀತು ಎಂದು ಲೆಕ್ಕ ಹಾಕುವ ವಿಧಾನವನ್ನು ಹಾರ್ವಿಲ್ ಎಂಬ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ಬರೆದರು. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರ್‌ಗೆ ಒಗ್ಗಿಸಿದರು. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ 'ವಿನ್' ಬಿಟ್ಟು 'ಪ್ಲೇಸ್' ಮೇಲೆ ಕಟ್ಟುವವರ ತಲೆಯೊಳಗೆ ಓಡುವುದು ಇದರದೇ ಒರಟು ರೂಪ.

ಆ ಸೂತ್ರದಲ್ಲಿ ನೀವು ಮೊದಲ ಸ್ಥಾನಕ್ಕೆ ಬರುವ ಸಾಧ್ಯತೆ ನೂರಕ್ಕೆ 20, ಎರಡನೆಯದಕ್ಕೆ 28.6, ಮೂರನೆಯದಕ್ಕೆ 51.4. ಬೆಲೆ ಕಟ್ಟಿದರೆ ನಿಮ್ಮ ಕುರ್ಚಿಯ ಮೌಲ್ಯ 28,857 ರೂಪಾಯಿ. ಈಗ ದೊಡ್ಡ ರಾಶಿಯವರು ತಳ್ಳಿದರು, ನೀವು ಕಾಲ್ ಮಾಡಿ ಗೆದ್ದಿರಿ. ನಿಮ್ಮ ಚಿಪ್ಸ್ ಎರಡರಷ್ಟಾಗಿ 40 ಆಯಿತು. ಕುರ್ಚಿಯ ಮೌಲ್ಯವೂ ಎರಡರಷ್ಟಾಯಿತೇ? ಇಲ್ಲ, 35,429. ಗೆದ್ದರೆ ಬಂದದ್ದು 6,572, ಸೋತಿದ್ದರೆ ಹೋಗುತ್ತಿದ್ದದ್ದು 8,857. ಬ್ಲೈಂಡ್‌ಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ನೂರಕ್ಕೆ 57 ಸಲಕ್ಕಿಂತ ಹೆಚ್ಚು ಗೆಲ್ಲುವ ಕೈಯಲ್ಲಿ ಮಾತ್ರ ಈ ಕಾಲ್ ಲಾಭದ್ದು.

ಐವತ್ತೇಳು ಎಂಬುದು ದೊಡ್ಡ ಸಂಖ್ಯೆ. ನಿಮ್ಮ ಕೈಯಲ್ಲಿ ಎಂಟರ ಜೋಡಿ, ಎದುರಿಗೆ ಎಕ್ಕ–ರಾಜ ಇದ್ದರೆ ನೀವು ಗೆಲ್ಲುವುದು ಸುಮಾರು 55. ನಾಣ್ಯ ಚಿಮ್ಮಿದಂತೆ, ಅದರಲ್ಲೂ ನಮ್ಮ ಕಡೆಗೇ ಸ್ವಲ್ಪ ವಾಲಿದ ನಾಣ್ಯ. ಹೊಸದಾಗಿ ಟೂರ್ನಮೆಂಟ್ ಶುರುವಾದಾಗ ಆ ನಾಣ್ಯವನ್ನು ಕಣ್ಣು ಮುಚ್ಚಿ ಚಿಮ್ಮಿ. ಇಲ್ಲಿ ಅದು ನಷ್ಟದ ನಾಣ್ಯ. ನಿಮಗಿಂತ ಚಿಕ್ಕ ರಾಶಿಯವರು ಇನ್ನೊಬ್ಬರು ಟೇಬಲ್ಲಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರಂತೂ ಕಾಲ್ ಇನ್ನೂ ದುಬಾರಿ. ಅವರು ಹೋದರೆ ನೀವು ಏನೂ ಮಾಡದೆ ಒಂದು ಮೆಟ್ಟಿಲು ಮೇಲಕ್ಕೆ.

ಇದೇ ಲೆಕ್ಕ ಎದುರಿನವರ ತಲೆಯಲ್ಲೂ ಓಡುತ್ತಿರುತ್ತದೆ. ಅವರೂ ಕಾಲ್ ಮಾಡಲು ಹಿಂಜರಿಯುತ್ತಾರೆ. ನಾನು ಜಿಪುಣನಾಗಬೇಕಾದ ಕಾರಣವೇ ನಾನು ಧಾರಾಳವಾಗಿ ತಳ್ಳಲು ಕಾರಣ.

2009ರ ಆ ಟೇಬಲ್

ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ 10,000 ಡಾಲರ್ ಪ್ರವೇಶ ಶುಲ್ಕ. 2009ರಲ್ಲಿ 6,494 ಜನ ಕಟ್ಟಿದ್ದರು. ಜುಲೈನಲ್ಲಿ ಒಂಬತ್ತು ಜನ ಉಳಿದಾಗ ಆಟ ನಿಲ್ಲಿಸಿ, ಎಲ್ಲರಿಗೂ ಒಂಬತ್ತನೇ ಸ್ಥಾನದ ಹಣ ಕೈಗಿತ್ತು, ನವೆಂಬರ್‌ನಲ್ಲಿ ಬನ್ನಿ ಎಂದು ಕಳಿಸುವುದು ಆಗಿನ ಪದ್ಧತಿ.

ಬಹುಮಾನದ ಏಣಿ ಹೇಗಿತ್ತು ನೋಡಿ. ಒಂಬತ್ತನೆಯವರಿಗೆ 12,63,602 ಡಾಲರ್. ಏಳನೆಯವರಿಗೆ 14,04,014. ಮೂರನೆಯವರಿಗೆ 34,79,670, ಎರಡನೆಯವರಿಗೆ 51,82,928, ಗೆದ್ದವರಿಗೆ 85,47,042. ಕೆಳಗಿನ ಮೆಟ್ಟಿಲುಗಳು ಗಿಡ್ಡ, ಮೇಲಿನವು ಎದೆಯೆತ್ತರ. ಇಂಥ ಏಣಿಯ ಬುಡದಲ್ಲಿ ಇನ್ನೊಬ್ಬರು ಮೊದಲು ಹೋಗಲಿ ಅಂತ ಬ್ಲೈಂಡ್ ಕಟ್ಟುತ್ತಾ ಕೂರುವುದು ಅಗ್ಗದ ಮೆಟ್ಟಿಲಿಗೆ ದುಬಾರಿ ಬಾಡಿಗೆ ಕೊಟ್ಟಂತೆ. ಮೂವರು ಉಳಿದಾಗ ಅದೇ ತಾಳ್ಮೆಗೆ ಹದಿನೇಳು ಲಕ್ಷ ಡಾಲರ್ ಬೆಲೆ. ಯಾವ ಟೂರ್ನಮೆಂಟ್‌ಗೇ ಹೋಗಿ, ಕೊನೆಯ ಟೇಬಲ್‌ಗೆ ಕೂರುವ ಮೊದಲು ಬಹುಮಾನದ ಪಟ್ಟಿಯನ್ನು ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮೆಟ್ಟಿಲು ಎಲ್ಲಿ ಎತ್ತರವಾಗುತ್ತದೆ ಎಂದು ಗೊತ್ತಿರಲಿ.

ಆ ಒಂಬತ್ತು ಜನರಲ್ಲಿ ಫಿಲ್ ಐವಿ ಇದ್ದರು, ಆಗ ಜಗತ್ತಿನ ಅತ್ಯುತ್ತಮ ಆಟಗಾರ ಎಂದು ಬಹುತೇಕರು ಒಪ್ಪಿದ್ದ ಹೆಸರು. ಅವರ ರಾಶಿ ಚಿಕ್ಕದು. ಎಕ್ಕ–ರಾಜ ಹಿಡಿದು ಎಲ್ಲವನ್ನೂ ನಡುವೆ ಇಟ್ಟರು. ಎದುರಿಗೆ ಬಂದದ್ದು ಮೇರಿಲ್ಯಾಂಡ್‌ನಲ್ಲಿ ಮರ ಕಡಿಯುವ ವೃತ್ತಿಯ ಡಾರ್ವಿನ್ ಮೂನ್ ಅವರ ಎಕ್ಕ–ರಾಣಿ. ಚಿಕ್ಕ ರಾಶಿಯವನು ದೇವರಲ್ಲಿ ಬೇಡಿಕೊಳ್ಳುವುದೇ ಇಂಥ ಎದುರಾಳಿ ಕೈಯನ್ನು, ನಾಲ್ಕರಲ್ಲಿ ಸುಮಾರು ಮೂರು ಸಲ ಗೆಲುವು. ನೆಲಕ್ಕೆ ರಾಣಿ ಬಂತು. ಐವಿ ಏಳನೆಯವರಾಗಿ ಎದ್ದು ಹೋದರು.

ಅದೇ ಟೇಬಲ್ಲಿನಲ್ಲಿ ಮಿಶಿಗನ್‌ನ ಜೋ ಕೇಡಾ ಇದ್ದ, 21 ವರ್ಷ. ಒಂದು ಹಂತದಲ್ಲಿ ಅವನ ಹತ್ತಿರ ಉಳಿದದ್ದು ಟೇಬಲ್ಲಿನ ಒಟ್ಟು ಚಿಪ್ಸ್‌ನ ನೂರನೇ ಒಂದು ಪಾಲಿನಷ್ಟು. ಅಲ್ಲಿಂದ ಎದ್ದು ಬಂದ. ಬರುವ ದಾರಿಯಲ್ಲಿ ಮೂರರ ಜೋಡಿ ಹಿಡಿದು ಜೆಫ್ ಶುಲ್ಮನ್‌ರ ಗುಲಾಮರ ಜೋಡಿಗೆ ಸಿಕ್ಕಿಬಿದ್ದ, ನೆಲಕ್ಕೆ ಮೂರು ಬಂತು. ಮತ್ತೊಮ್ಮೆ ಎರಡರ ಜೋಡಿ ಹಿಡಿದು ಫ್ರಾನ್ಸ್‌ನ ಆಟಗಾರನ ರಾಣಿಯರ ಜೋಡಿಗೆ ಸಿಕ್ಕಿಬಿದ್ದ, ನೆಲಕ್ಕೆ ಎರಡು ಬಂತು. ಇಂಥದ್ದು ಒಂದೊಂದೂ ಐದಕ್ಕೆ ಒಂದು ಸಲ ಆಗುವ ಮಾತು. ಎರಡೂ ಆಗುವುದು ಇಪ್ಪತ್ತೈದಕ್ಕೊಂದು. ಕೊನೆಗೆ ಮೂನ್ ಎದುರು ಒಂಬತ್ತರ ಜೋಡಿಯಲ್ಲಿ ಗೆದ್ದು, ಆ ಪಂದ್ಯದ ಅತಿ ಕಿರಿಯ ಚಾಂಪಿಯನ್ ಆದ.

ಕೇಡಾನ ಕಥೆಯನ್ನೇ ಎಲ್ಲರೂ ಹೇಳುತ್ತಾರೆ, ನನಗೆ ಐವಿಯ ಕೈ ಹೆಚ್ಚು ಇಷ್ಟ. ಸರಿಯಾದ ಹೊತ್ತು, ಸರಿಯಾದ ಎಲೆ, ಎದುರಿಗೆ ಸಿಕ್ಕಬೇಕಾದ ಕೈಯೇ ಸಿಕ್ಕಿತು, ಆದರೂ ಸೋಲು. ಆ ರಾತ್ರಿ ಹೋಟೆಲ್ ಕೋಣೆಗೆ ಹೋಗಿ ಅವರು ತಿದ್ದಿಕೊಳ್ಳಬೇಕಾದದ್ದು ಏನೂ ಇರಲಿಲ್ಲ.

ಯಾರ ಮೇಲೆ ತಳ್ಳಬೇಕು

ನಿಮ್ಮ ಎಲೆ ನೋಡುವ ಮೊದಲು ಎಡಕ್ಕೆ ನೋಡಿ. ಬ್ಲೈಂಡ್‌ನಲ್ಲಿ ಕೂತವರು ಯಾರು, ಅವರ ಹತ್ತಿರ ಎಷ್ಟಿದೆ?

ಟೇಬಲ್ಲಿನ ದೊಡ್ಡ ರಾಶಿಯವರು ಬಿಗ್ ಬ್ಲೈಂಡ್‌ನಲ್ಲಿದ್ದರೆ ನಿಮ್ಮ ಎಂಟು ಬ್ಲೈಂಡ್ ಅವರಿಗೆ ಚಿಲ್ಲರೆ ಕಾಸು. ಅವರು ಕುತೂಹಲಕ್ಕೂ ಕಾಲ್ ಮಾಡಿಯಾರು. ಎರಡು ಬ್ಲೈಂಡ್ ಉಳಿದವರು ಅಲ್ಲಿದ್ದರೆ ಅವರು ಕಂಪಲ್ಸರಿ, ಎಸೆಯಲಾರರು. ಇಬ್ಬರ ಮೇಲೂ ತಳ್ಳುವಾಗ ಎಲೆ ಸ್ವಲ್ಪ ಗಟ್ಟಿ ಇರಲಿ. ನಿಮಗೆ ಬೇಕಾದ ಗಿರಾಕಿ ನಡುವಿನವರು: ಹದಿನೈದಿಪ್ಪತ್ತು ಬ್ಲೈಂಡ್ ಇಟ್ಟುಕೊಂಡು, ಎರಡು ಚಿಕ್ಕ ರಾಶಿಗಳು ಉದುರುವುದನ್ನೇ ಕಾಯುತ್ತಾ, ಮೂರನೇ ಸ್ಥಾನದ ಹಣದಲ್ಲಿ ಏನು ಕೊಳ್ಳಬೇಕೆಂದು ಆಗಲೇ ಯೋಚಿಸುತ್ತಿರುವವರು. ನಿಮಗೆ ಕಾಲ್ ಮಾಡಿ ಸೋತರೆ ಅವರು ನಿಮ್ಮ ಜಾಗಕ್ಕೆ ಬರುತ್ತಾರೆ. ಹತ್ತರ ಜೋಡಿ ಕೆಳಗಿನದ್ದನ್ನೆಲ್ಲ ಎಸೆಯುವವರು ಇವರೇ.

ಗಡಿಯಾರವನ್ನೂ ನೋಡಿ. ಬ್ಲೈಂಡ್ ಏರಲು ಮೂರು ನಿಮಿಷ ಇದ್ದು, ಮುಂದಿನ ಕೈಗೆ ಬಿಗ್ ಬ್ಲೈಂಡ್ ನಿಮ್ಮ ಮೇಲೆ ಬರುವುದಿದ್ದರೆ, ಈಗಿನ ಸಾಧಾರಣ ಎಲೆಯೇ ಒಳ್ಳೆಯ ಎಲೆ. ಏರಿದ ಮೇಲೆ ಏಳು ಬ್ಲೈಂಡ್ ಇದ್ದದ್ದು ಐದಾಗುತ್ತದೆ, ಬಾಡಿಗೆ ಕಟ್ಟಿದ ಮೇಲೆ ಮೂರು.

ತಳ್ಳುವಾಗ ಬಾಯಿಬಿಟ್ಟು "ಆಲ್-ಇನ್" ಅನ್ನಿ. ಹೇಳದೇ ಇದ್ದದ್ದೇ ಒಬ್ಬರಿಗೆ ವರವಾದ ಕಥೆಯೂ ಇದೆ. 1982ರ ವಿಶ್ವ ಪಂದ್ಯದಲ್ಲಿ ಜ್ಯಾಕ್ ಸ್ಟ್ರಾಸ್ ಎಂಬ ಆರೂವರೆ ಅಡಿಯ ಆಸಾಮಿ ಚಿಪ್ಸ್ ಎಲ್ಲ ತಳ್ಳಿ ಸೋತು ಏಳುವಾಗ ಪೇಪರ್ ನ್ಯಾಪ್ಕಿನ್ ಕೆಳಗೆ 500ರ ಒಂದೇ ಚಿಪ್ ಸಿಕ್ಕಿತಂತೆ. ಆಲ್-ಇನ್ ಎಂದು ಹೇಳಿರಲಿಲ್ಲವಾದ್ದರಿಂದ ಆಡಲು ಬಿಟ್ಟರು. 104 ಜನರ ಆ ಪಂದ್ಯವನ್ನು ಅವರೇ ಗೆದ್ದು 5,20,000 ಡಾಲರ್ ಒಯ್ದರು. ನಿಮ್ಮ ನ್ಯಾಪ್ಕಿನ್ ಕೆಳಗೆ ಏನೂ ಇರುವುದಿಲ್ಲ, ಗೊಂದಲ ಮಾತ್ರ ಇರುತ್ತದೆ. ಹೇಳಿಬಿಡಿ.

ಹಂಚಿಕೊಳ್ಳೋಣ ಅಂದರೆ

ಮೂವರೋ ನಾಲ್ವರೋ ಉಳಿದಾಗ, ರಾತ್ರಿ ಎರಡಾಗಿದ್ದಾಗ, ಯಾರಾದರೂ "ಡೀಲ್ ಮಾಡ್ಕೊಳ್ಳೋಣ" ಅನ್ನುತ್ತಾರೆ. ಚಿಪ್ಸ್ ಎಷ್ಟಿದೆಯೋ ಅದೇ ಪ್ರಮಾಣದಲ್ಲಿ ಇಡೀ ಮೊತ್ತ ಹಂಚೋಣ ಎಂಬುದು ದೊಡ್ಡ ರಾಶಿಯವರ ಮೊದಲ ಮಾತು. ಮೇಲಿನ ಉದಾಹರಣೆಯಲ್ಲಿ ಹಾಗೆ ಹಂಚಿದರೆ ನಿಮಗೆ 20,000. ಅಂದರೆ ಮೂರನೇ ಬಹುಮಾನ, ನಿಮ್ಮ ಕುರ್ಚಿಗೆ ಬಿಡಿಗಾಸಿಲ್ಲ. ಎಲ್ಲರೂ ಮೊದಲು 20,000 ತೆಗೆದಿಟ್ಟು ಉಳಿದ 40,000 ಮಾತ್ರ ಚಿಪ್ಸ್ ಪ್ರಕಾರ ಹಂಚಿದರೆ 28,000. ಐಸಿಎಂ ಪ್ರಕಾರ 28,857. ಚಿಕ್ಕ ರಾಶಿಯವರು ಐಸಿಎಂ ಕೇಳಬೇಕು, ಕೊಡದಿದ್ದರೆ ಎರಡನೆಯದಕ್ಕೆ ಒಪ್ಪಬಹುದು, ಮೊದಲನೆಯದಕ್ಕೆ ನಕ್ಕು ಎಲೆ ಹಂಚಿ ಅನ್ನಬೇಕು.

ಆಡುವುದೆಲ್ಲಿ ಎಂಬುದನ್ನೂ ಹೇಳಿಬಿಡುತ್ತೇನೆ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವೋ ಅದೃಷ್ಟದ್ದೋ ಎಂದು ನೋಡದೆ, ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ದೇಶದಾದ್ಯಂತ ನಿಷೇಧಿಸಿತು. ಗೋವಾದ ಮಾಂಡವಿ ನದಿಯ ಹಡಗುಗಳ ಮೇಲೆ ಟೂರ್ನಮೆಂಟ್ ನಡೆಯುತ್ತವೆ. ಕಲಿಯುವುದಕ್ಕೆ ನಮ್ಮ ಪಾತ್ರೆ ಟೂರ್ನಮೆಂಟೇ ಸಾಕು ಅನ್ನುವವನು ನಾನು.

ಈ ವರ್ಷದ ಹೊಸತೊಡಕಿನಲ್ಲಿ ನಾಲ್ವರು ಉಳಿದಿದ್ದೆವು. ನನ್ನ ಹತ್ತಿರ ಏಳು ಬ್ಲೈಂಡ್, ಅಕ್ಕನ ಮಗಳ ಹತ್ತಿರ ಮೂರು. ಬಟನ್‌ನಲ್ಲಿ ಕಳಾವರ್ ರಾಜ–ಒಂಬತ್ತು ಬಂತು. ಎಡಕ್ಕೆ ನೋಡಿದೆ. ಬಿಗ್ ಬ್ಲೈಂಡ್‌ನಲ್ಲಿ ಭಾವ, ಈ ಸಲ ಅವರದ್ದು ಹದಿನಾಲ್ಕೇ ಬ್ಲೈಂಡ್. "ಆಲ್-ಇನ್" ಅಂದೆ. ಭಾವ ಎಲೆ ಎತ್ತಿ ನೋಡಿದರು. ನನ್ನ ಚಿಪ್ಸ್ ನೋಡಿದರು, ಮಗಳ ಚಿಪ್ಸ್ ನೋಡಿದರು, ಅಡುಗೆಮನೆ ಕಡೆ ಒಮ್ಮೆ ನೋಡಿದರು. ಎಕ್ಕ–ಐದನ್ನು ತಿರುಗಿಸಿ ತೋರಿಸಿ ಎಸೆದರು.

ಮುಂದಿನ ಕೈಯಲ್ಲಿ ಮಗಳು ಆರರ ಜೋಡಿ ತಳ್ಳಿದಳು. ಭಾವ ಎಕ್ಕ–ರಾಜ ಹಿಡಿದು ಕಾಲ್ ಮಾಡಿದರು. ನಾಲ್ಕು ಎಲೆವರೆಗೆ ಅವಳೇ ಮುಂದಿದ್ದಳು. ಐದನೆಯದು ರಾಜ.

"ಸ್ವಂತ ಮಗಳು ಅಂತಾನೂ ನೋಡಲ್ವಲ್ಲಪ್ಪ ನೀನು" ಅನ್ನುತ್ತಾ ಅವಳು ಎದ್ದಳು. ನಾವು ಮೂವರಿಗೆ ಎಲೆ ಹಂಚುವಷ್ಟರಲ್ಲಿ ಒಳಗಿನಿಂದ ಕೂಗಿದಳು: "ಮಾಮ, ಸ್ಕ್ರಬ್ಬರ್ ಎಲ್ಲಿಟ್ಟಿದ್ದೀರಾ?"